ಅಪ್ಪ ಹಿಂದಿನ ಬೆಂಚು ಬಿಟ್ಟ ದಿನ

ನಾನು ಚಿಕ್ಕವಳಿದ್ದಾಗ ಸಾರಕ್ಕಿಯಲ್ಲಿ ಟ್ರಾಫಿಕ್ ಸಿಗ್ನಲ್ ಇರಲಿಲ್ಲ. ಮಕ್ಕಳೇ, ನೀವು ಶಾಲೆಯಿಂದ ಬರುವಾಗ ಕಾರಿನಲ್ಲಿ ಕೂತು 'ಅಜ್ಜಿ, ಇನ್ನೂ ಇಲ್ಲೇ ನಿಂತಿದೀವಿ' ಎಂದು ಫೋನು ಮಾಡುತ್ತೀರಲ್ಲ, ಆ ಜಾಗದ ಹತ್ತಿರದಲ್ಲೇ ನಮ್ಮ ಕನಕಾಂಬರದ ಪಾತಿಗಳಿದ್ದವು. ಅದರ ಪಕ್ಕಕ್ಕೆ ಮಲ್ಲಿಗೆ, ಬಾವಿಯ ಸುತ್ತ ಸುಗಂಧರಾಜ. ಕೆರೆಯ ಕಡೆಯಿಂದ ಗಾಳಿ ಬೀಸಿದರೆ ಹೂವಿನ ವಾಸನೆಯೂ ಕೆಸರಿನ ವಾಸನೆಯೂ ಒಟ್ಟಿಗೇ ಮನೆಯೊಳಗೆ ಬರುತ್ತಿದ್ದವು. ನನಗೆ ಎರಡೂ ಇಷ್ಟ. ಈಗಲೂ ಮಳೆ ಬಿದ್ದ ಮೇಲೆ ಕೆರೆಯ ಬೇಲಿಯ ಹತ್ತಿರ ಹೋಗಿ ನಿಲ್ಲುತ್ತೇನೆ. ನಿಮ್ಮ ಅಮ್ಮ ಮೂಗು ಮುಚ್ಚಿಕೊಂಡು ನನ್ನನ್ನು ಎಳೆದುಕೊಂಡು ಬರುತ್ತಾಳೆ.

ಮನೆಯಲ್ಲಿ ನಾವು ನಾಲ್ಕೇ ಜನ. ಅಪ್ಪ, ಅಮ್ಮ, ಅಕ್ಕ, ನಾನು. ಅಪ್ಪ ಹೂವಿನ ತೋಟ ಮಾಡುತ್ತಿದ್ದ. ನಮ್ಮ ಕಡೆ ಅಪ್ಪನನ್ನೂ 'ನೀನು' ಎಂದೇ ಕರೆಯುತ್ತಿದ್ದೆವು. ಮರ್ಯಾದೆ ಕಡಿಮೆ ಇತ್ತು ಅಂದುಕೊಳ್ಳಬೇಡಿ. ಅಪ್ಪ ಕೆಮ್ಮಿದರೆ ಸಾಕು, ನಾವು ಮಾತು ನಿಲ್ಲಿಸುತ್ತಿದ್ದೆವು.

ಅಪ್ಪ ಹುಟ್ಟಿದ್ದು ಚಿಕ್ಕಲಸಂದ್ರದಲ್ಲಿ, ರಾಗಿ ಬೆಳೆಯುವ ಮನೆಯಲ್ಲಿ. ಯೇಸುಸ್ವಾಮಿಯನ್ನು ಮೊದಲು ನಂಬಿದ್ದು ನನ್ನ ಅಜ್ಜಿ, ಅಂದರೆ ಅಪ್ಪನ ಅವ್ವ. ಆಕೆಯ ಹಿಂದೆಯೇ ಅಪ್ಪನೂ ದೀಕ್ಷಾಸ್ನಾನ ತೆಗೆದುಕೊಂಡು, ಚರ್ಚಿಗೆ ಹತ್ತಿರವಾಗಲಿ ಎಂದು ಅವಳ ಜೊತೆ ಸಾರಕ್ಕಿಗೆ ಬಂದುಬಿಟ್ಟ. ಅಪ್ಪನ ಅಣ್ಣ, ನಮ್ಮ ದೊಡ್ಡಪ್ಪ, ಹಿರಿಯರ ಪದ್ಧತಿಯಲ್ಲೇ ಉಳಿದು ಚಿಕ್ಕಲಸಂದ್ರದ ಹೊಲ ನೋಡಿಕೊಂಡಿದ್ದ. ಅಜ್ಜಿ ಬದುಕಿರುವವರೆಗೂ ಅಣ್ಣತಮ್ಮಂದಿರು ಚೆನ್ನಾಗಿಯೇ ಇದ್ದರಂತೆ. ನನಗೆ ನೆನಪಿರುವ ಕಾಲದಲ್ಲಿ ಮಾತ್ರ ದೊಡ್ಡಪ್ಪನ ಹೆಸರೆತ್ತಿದರೆ ಅಪ್ಪ ಊಟದ ತಟ್ಟೆಯ ಮುಂದಿನಿಂದ ಎದ್ದು ಹೋಗುತ್ತಿದ್ದ.

ನಮ್ಮ ಚರ್ಚು ಹೆಂಚಿನ ಮಾಡಿನದು. ಬೇಸಿಗೆಯಲ್ಲಿ ಒಳಗೆ ತಣ್ಣಗೆ, ಸೀಮೆಸುಣ್ಣದ ಪುಡಿಯಂಥ ವಾಸನೆ. ಪ್ರತಿ ಭಾನುವಾರ ಅಪ್ಪ ನಮ್ಮೆಲ್ಲರ ಜೊತೆ ಮುಂದಿನ ಬೆಂಚಿನಲ್ಲೇ ಕೂರುತ್ತಿದ್ದ. ಆದರೆ ತಿಂಗಳಿಗೊಮ್ಮೆ ಕರ್ತನ ಭೋಜನ ಇರುತ್ತಿತ್ತಲ್ಲ, ಮೇಜಿನ ಮುಂದೆ ಮೊಣಕಾಲೂರಿ ರೊಟ್ಟಿಯ ಚೂರು, ದ್ರಾಕ್ಷಾರಸ ತೆಗೆದುಕೊಳ್ಳುವ ಆರಾಧನೆ, ಆ ಭಾನುವಾರ ಮಾತ್ರ ಅಪ್ಪ ಕಟ್ಟಕಡೆಯ ಬೆಂಚಿಗೆ ಹೋಗಿ ಬಾಗಿಲ ಪಕ್ಕ ಕೂತುಬಿಡುತ್ತಿದ್ದ. ಎಲ್ಲರೂ ಎದ್ದು ಮುಂದೆ ಹೋದಾಗಲೂ ಏಳುತ್ತಿರಲಿಲ್ಲ.

ಯಾಕೆ ಅಂದರೆ, ಭೋಜನಕ್ಕೆ ಮೊದಲು ನಮ್ಮ ಪಾದ್ರಿಗಳು ಒಂದು ಎಚ್ಚರಿಕೆ ಹೇಳುತ್ತಿದ್ದರು. ಅವರನ್ನು ಎಲ್ಲರೂ ಅಯ್ಯನವರು ಎಂದು ಕರೆಯುತ್ತಿದ್ದೆವು. ತೆಳ್ಳಗಿನ ಮನುಷ್ಯ, ಸಣ್ಣ ದನಿ. ಆ ಮಾತು ಹೇಳುವಾಗ ಮಾತ್ರ ದನಿ ಗಟ್ಟಿಯಾಗುತ್ತಿತ್ತು. "ಒಳಗೆ ಹಗೆ ಇಟ್ಕೊಂಡು ಈ ರೊಟ್ಟಿಗೆ ಕೈ ಚಾಚಬೇಡಿ. ಅದು ನಿಮಗೆ ಆಶೀರ್ವಾದ ಆಗಲ್ಲ, ಶಿಕ್ಷೆ ಆಗುತ್ತೆ" ಎನ್ನುತ್ತಿದ್ದರು. ಎಷ್ಟೋ ಜನ ಆ ಮಾತು ಕಿವಿಗೇ ಬೀಳದವರ ಹಾಗೆ ಸರಸರ ಮುಂದೆ ಹೋಗುತ್ತಿದ್ದರು. ಅಪ್ಪ ಹೋಗುತ್ತಿರಲಿಲ್ಲ. "ನಾನು ಎಚ್ಚರಿಕೆ ಕೇಳೋನು. ಕೇಳಿದ್ದಕ್ಕೇ ಹಿಂದೆ ಕೂತಿರೋದು" ಎಂದು ಅಮ್ಮನಿಗೆ ಹೇಳುತ್ತಿದ್ದ. ಅದರಲ್ಲಿ ಸ್ವಲ್ಪ ಜಂಬವೂ ಇತ್ತು ಅಂತ ಈಗ ಅನ್ನಿಸುತ್ತದೆ. ಆಗ ನನಗೆ ಇದ್ದದ್ದು ಭಯ ಒಂದೇ. ಸ್ವರ್ಗದಲ್ಲೂ ಅಪ್ಪ ಬಾಗಿಲ ಹತ್ತಿರವೇ ಕೂತುಬಿಟ್ಟರೆ ಏನು ಮಾಡುವುದು ಎಂದು ಯೋಚಿಸಿ ಯೋಚಿಸಿ ಅತ್ತಿದ್ದೇನೆ.

ಹಗೆ ಏನೆಂದು ಹೇಳಿದ್ದು ಅಮ್ಮ. ಅಜ್ಜಿ ತೀರಿಕೊಂಡಾಗ ನನಗಿನ್ನೂ ನಡೆಯಲು ಬರುತ್ತಿರಲಿಲ್ಲವಂತೆ. ತಾತನನ್ನು ಚಿಕ್ಕಲಸಂದ್ರದ ನಮ್ಮ ಹೊಲದಲ್ಲೇ ಮಣ್ಣು ಮಾಡಿದ್ದರು. ಅಜ್ಜಿಯನ್ನೂ ತಾತನ ಪಕ್ಕದಲ್ಲೇ ಮಲಗಿಸೋಣ ಎಂದು ದೊಡ್ಡಪ್ಪನ ಆಸೆ. ಅಜ್ಜಿ ಚರ್ಚಿನ ಸಮಾಧಿ ಜಾಗವೇ ಬೇಕು ಎಂದು ಹೇಳಿಹೋಗಿದ್ದಳು. ದೊಡ್ಡಪ್ಪ ಅದಕ್ಕೂ ಒಪ್ಪಿದ. ಪೆಟ್ಟಿಗೆ ಇಳಿಸಿ, ಎಲ್ಲರೂ ಮೂರು ಹಿಡಿ ಮಣ್ಣು ಹಾಕುವ ಹೊತ್ತಿಗೆ ಹಿರಿಮಗ ಅವನೇ ಮೊದಲು ಬಗ್ಗಿ ಮಣ್ಣು ತೆಗೆದುಕೊಂಡ. ಆಗ ನಮ್ಮಪ್ಪ ಅವನ ಕೈ ಹಿಡಿದು, "ಹಣೆ ಮೇಲೆ ವಿಭೂತಿ ಇಟ್ಕೊಂಡು ಇಲ್ಲಿ ಮಣ್ಣು ಹಾಕ್ಬೇಡ" ಎಂದುಬಿಟ್ಟ. ಊರಿನವರೆಲ್ಲರ ಮುಂದೆ. ದೊಡ್ಡಪ್ಪ ಮುಷ್ಟಿ ಬಿಚ್ಚಿ ಮಣ್ಣನ್ನು ಅಲ್ಲೇ ಚೆಲ್ಲಿ ನಡೆದುಹೋದ. ಹೆತ್ತ ತಾಯಿಗೆ ಮಣ್ಣು ಹಾಕಲಾಗದೆ ಹೋದ ಮಗನ ಸಂಕಟ ಎಂಥದ್ದೆಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಅಪ್ಪನಿಗೂ ಗೊತ್ತಿತ್ತು. ಗೊತ್ತಿದ್ದರಿಂದಲೇ ದೊಡ್ಡಪ್ಪನ ಮುಖ ನೋಡಲು ಆಗುತ್ತಿರಲಿಲ್ಲ.

ಈಗ ಆ ದಿನಕ್ಕೆ ಬರೋಣ. ಅದು ಈಸ್ಟರ್ ಹಬ್ಬ. ಆವತ್ತು ಅಕ್ಕ ಮೊದಲ ಸಲ ಕರ್ತನ ಭೋಜನ ತೆಗೆದುಕೊಳ್ಳುವವಳಿದ್ದಳು. ಪಾಠ ಕಲಿತು, ಅಯ್ಯನವರ ಪ್ರಶ್ನೆಗಳಿಗೆಲ್ಲ ಉತ್ತರ ಹೇಳಿ, ಅಮ್ಮನ ಮದುವೆಯ ಬಿಳಿ ಸೀರೆ ಉಡಲು ತಯಾರಾಗಿದ್ದಳು. ನಮ್ಮ ಸಭೆಯಲ್ಲಿ ಒಂದು ಪದ್ಧತಿ ಇತ್ತು. ಮೊದಲ ಸಲ ಭೋಜನಕ್ಕೆ ಬರುವ ಮಕ್ಕಳ ಎಡಕ್ಕೂ ಬಲಕ್ಕೂ ಅವರ ಅಪ್ಪ ಅಮ್ಮ ಮೊಣಕಾಲೂರಬೇಕು. ಅಕ್ಕನ ಬಲಗಡೆ ಯಾರು? ಆ ವಾರವಿಡೀ ಮನೆಯಲ್ಲಿ ಯಾರೂ ಈ ಪ್ರಶ್ನೆ ಕೇಳಲಿಲ್ಲ. ಎಲ್ಲರ ತಲೆಯಲ್ಲೂ ಅದೇ ಇತ್ತು.

ಈಸ್ಟರ್ ದಿನ ಬೆಳಕು ಹರಿಯುವ ಮುಂಚೆ ಎಲ್ಲರೂ ಸಮಾಧಿ ಜಾಗದಲ್ಲಿ ಸೇರುತ್ತಿದ್ದೆವು. ಯೇಸುಸ್ವಾಮಿ ಎದ್ದದ್ದು ಸಮಾಧಿಯಿಂದ ತಾನೇ, ಅದಕ್ಕೆ ಹಬ್ಬ ಅಲ್ಲಿಂದಲೇ ಶುರು. ಹಿಂದಿನ ದಿನ ಬಳಿದ ಸುಣ್ಣದ ವಾಸನೆ ಇನ್ನೂ ಹಸಿಯಾಗಿತ್ತು. ಹೊಂಗೆ ಮರದ ಹೂವು ನೆಲದ ತುಂಬ ಉದುರಿ ಕಾಲಿಗೆ ಮೆತ್ತಗೆ ಸಿಗುತ್ತಿತ್ತು. ಪ್ರತಿ ಸಮಾಧಿಯ ಮೇಲೂ ಮೇಣದ ಬತ್ತಿ. ಅಜ್ಜಿಯ ಸಮಾಧಿಗೆ ಅಪ್ಪ ಬುಟ್ಟಿ ತುಂಬ ಮಲ್ಲಿಗೆ ತಂದು ಸುರಿದಿದ್ದ. ಇಡೀ ಸಾಲಿನಲ್ಲಿ ಅಷ್ಟು ಹೂವು ಯಾರ ಸಮಾಧಿಗೂ ಇರಲಿಲ್ಲ. ಹಾಡು ಹೇಳಿದೆವು. ಹಕ್ಕಿಗಳೂ ಕೂಗಲು ಶುರುಮಾಡಿದವು. ಕೊನೆಯಲ್ಲಿ ಅಯ್ಯನವರು, "ಒಂಬತ್ತು ಗಂಟೆಗೆ ಭೋಜನದ ಆರಾಧನೆ. ಮನೆಗೆ ಹೋಗಿ ಒಂದ್ಸಲ ಎದೆ ಮುಟ್ಟಿ ನೋಡ್ಕೊಂಡು ಬನ್ನಿ" ಎಂದರು. ಅಪ್ಪ ತಲೆ ತಗ್ಗಿಸಿದ.

ಮನೆಗೆ ಬಂದಾಗ ಅಮ್ಮ ನೇರವಾಗಿ ಒರಳಿನ ಮುಂದೆ ಕೂತಳು. ನಲವತ್ತು ದಿನದ ಉಪವಾಸದ ಕಾಲದಲ್ಲಿ ಮನೆಯಲ್ಲಿ ಬಾಡು ಬೇಯಿಸುತ್ತಿರಲಿಲ್ಲ. ಹುರಿದ ಕೊತ್ತಂಬರಿ, ಚಕ್ಕೆ, ಲವಂಗದ ಪರಿಮಳ ಅಡಿಗೆಮನೆಯಿಂದ ಬಂದಾಗ ನನಗೆ ಅಪ್ಪನ ಚಿಂತೆಯೂ ಒಂದು ಗಳಿಗೆ ಮರೆತುಹೋಯಿತು. ಸುಳ್ಳು ಯಾಕೆ ಹೇಳಲಿ.

ಅಕ್ಕ ಕೊಡ ಎತ್ತಿಕೊಂಡು ಬಾವಿಗೆ ಹೋದಳು. ನಾನು ಅವಳ ಹಿಂದೆ. ಅಪ್ಪ ಬಾವಿಯ ಪಕ್ಕದ ಕಲ್ಲಿನ ಮೇಲೆ ಕೂತಿದ್ದ. ದಿನವೂ ಹೇಳುವ ಮಾತನ್ನೇ ಆವತ್ತೂ ಹೇಳಿದ. "ಪಾಚಿ ಕಟ್ಟಿದೆ ಕಣಮ್ಮ. ಹುಷಾರು, ಜಾರ್ತೀಯ."

ಅಕ್ಕ ಕೊಡ ಕೆಳಗಿಟ್ಟಳು. ತೆಂಗಿನ ನಾರು ತೆಗೆದುಕೊಂಡು ಬಾವಿಕಟ್ಟೆಯ ಕಲ್ಲನ್ನು ಗಸಗಸ ಉಜ್ಜತೊಡಗಿದಳು. ಹಸಿರು ಪಾಚಿ ಎದ್ದುಬಂತು. ಉಜ್ಜುತ್ತಲೇ, ತಲೆ ಎತ್ತದೆ, "ಅಪ್ಪಾ, ಪಾಚಿ ಇದೆ ಅಂತ ನೀನು ದಿನಾ ಹೇಳ್ತೀಯ. ಅದಕ್ಕೆ ನಾನು ನೀರು ತರೋದು ಬಿಟ್ಬಿಡ್ತೀನಾ?" ಎಂದಳು.

ಅಪ್ಪ ಮುಖ ಆ ಕಡೆ ತಿರುಗಿಸಿದ.

"ಅಯ್ಯನವರು ಹಗೆ ಇಟ್ಕೊಂಡು ಬರಬೇಡಿ ಅಂದ್ರು. ನೀನು ಹಗೆ ಇಟ್ಕೊಂಡೆ, ಬರೋದು ಬಿಟ್ಟೆ. ಅವರು ಹೇಳಿದ್ದು ಅದನ್ನಾ?"

ಅಪ್ಪನ ಎದುರು ಹಾಗೆ ಮಾತಾಡಿದವರನ್ನು ನಾನು ನೋಡಿರಲಿಲ್ಲ. "ಇವತ್ತು ನಾನೂ ಕಡೇ ಬೆಂಚಲ್ಲೇ ಕೂರ್ತೀನಿ. ನೀನು ಎದ್ದ ದಿನ ನಾನೂ ಏಳ್ತೀನಿ" ಎಂದು ಹೇಳಿ, ಕಟ್ಟೆಯ ಮೇಲೆ ಎರಡು ಬಿಂದಿಗೆ ನೀರು ಸುರಿದು ತೊಳೆದು, ಕೊಡ ತುಂಬಿಕೊಂಡು ಒಳಗೆ ಹೋದಳು. ಅವಳು ಹೋದ ಮೇಲೆ ಅಪ್ಪ ತೊಳೆದ ಕಲ್ಲನ್ನೇ ನೋಡುತ್ತ ಕೂತಿದ್ದ. ಅದು ಬಿಸಿಲಿಗೆ ನೋಡನೋಡುತ್ತಲೇ ಆರಿತು.

ಆಮೇಲೆ ಅಪ್ಪ ದಡಕ್ಕನೆ ಎದ್ದು ಸೈಕಲ್ ತೆಗೆದ. ನನ್ನನ್ನು ಎತ್ತಿ ಮುಂದಿನ ಕಂಬಿಯ ಮೇಲೆ ಕೂರಿಸಿದ. ಅಮ್ಮ ಬಾಗಿಲಿಗೆ ಬಂದು, "ಮಗೂನ ಎಲ್ಲಿಗೆ ಕರ್ಕೊಂಡ್ ಹೋಗ್ತಿದೀರಿ?" ಎಂದಳು. "ಚಿಕ್ಕಲಸಂದ್ರಕ್ಕೆ. ಮಗು ಇದ್ರೆ ಬಾಗಿಲು ಹಾಕ್ಕೊಳ್ಳಲ್ಲ ಅವನು" ಎಂದ ಅಪ್ಪ. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ಗೊತ್ತಾಗಲಿಲ್ಲ.

ದಾರಿಯೆಲ್ಲ ಮಣ್ಣಿನ ದಾರಿ. ಎರಡೂ ಕಡೆ ಕೊಯ್ಲಾದ ಹೊಲ, ಅಲ್ಲಲ್ಲಿ ಹುಣಸೆ ಮರ, ಬಂಡೆ. ಅಪ್ಪನ ಉಸಿರು ನನ್ನ ನೆತ್ತಿಗೆ ಬಿಸಿಯಾಗಿ ತಾಗುತ್ತಿತ್ತು. ಅರ್ಧ ದಾರಿಯಲ್ಲಿ ಒಮ್ಮೆ ಕಾಲೂರಿ ನಿಂತ. ಸೈಕಲ್ಲನ್ನು ಹಿಂದಕ್ಕೆ ತಿರುಗಿಸಿಬಿಡುತ್ತಾನೆ ಅಂದುಕೊಂಡೆ. ಬಾಯೊಳಗೇ ಏನೋ ಪ್ರಾರ್ಥನೆ ಮಾಡಿ, ಹಣೆಯ ಬೆವರು ಒರೆಸಿಕೊಂಡು ಮತ್ತೆ ತುಳಿದ.

ದೊಡ್ಡಪ್ಪ ಅಂಗಳದಲ್ಲಿ ಎತ್ತಿನ ಮೈ ತೊಳೆಯುತ್ತಿದ್ದ. ಮುಖ ಅಪ್ಪನದೇ, ಮೀಸೆ ಮಾತ್ರ ಬೆಳ್ಳಗೆ, ಹಣೆಯ ತುಂಬ ವಿಭೂತಿ. ನಮ್ಮನ್ನು ನೋಡಿಯೂ ಕೈಯಲ್ಲಿದ್ದ ಹುಲ್ಲಿನ ಸಿಂಬಿಯಿಂದ ಉಜ್ಜುವುದನ್ನು ನಿಲ್ಲಿಸಲಿಲ್ಲ. ದೊಡ್ಡಮ್ಮ ಒಳಗಿನಿಂದ ಓಡಿಬಂದು, "ಅಯ್ಯೋ, ಯಾರು ಬಂದವ್ರೆ ನೋಡೀ" ಎಂದು ನನ್ನನ್ನು ಸೈಕಲ್ಲಿನಿಂದ ಇಳಿಸಿಕೊಂಡಳು.

ಅಪ್ಪ ಚಪ್ಪಲಿ ಬಿಟ್ಟು ಹತ್ತಿರ ಹೋದ. "ಅಣ್ಣಾ, ಅವ್ವನಿಗೆ ಮಣ್ಣು ಹಾಕು ಬಾ."

ದೊಡ್ಡಪ್ಪ ಎತ್ತಿನ ಬೆನ್ನು ಉಜ್ಜುತ್ತಲೇ ಇದ್ದ. "ಆವತ್ತು ಕೈ ಹಿಡ್ಕೊಂಡಿದ್ದೆಯಲ್ಲೋ" ಎಂದ.

"ಹಿಡಿದದ್ದು ಈ ಕೈಯೇ ಅಣ್ಣಾ. ತಪ್ಪು ನಂದು. ದೇವರ ಹೆಸರು ಹೇಳ್ಕೊಂಡು ನಿನ್ನ ಎದೆಗೆ ಒದ್ದೆ ನಾನು. ಯೇಸುಸ್ವಾಮಿ ಆ ಥರ ಮಾಡು ಅಂತ ನನಗೆ ಹೇಳಿರ್ಲಿಲ್ಲ."

ದೊಡ್ಡಪ್ಪ ಸಿಂಬಿಯನ್ನು ಬಕೆಟ್ಟಿಗೆ ಎಸೆದು ಮನೆಯೊಳಗೆ ಹೋದ. ಬಾಗಿಲು ಹಾಕಿಕೊಳ್ಳಲಿಲ್ಲ, ಆದರೆ ಬರಲೂ ಇಲ್ಲ. ದೊಡ್ಡಮ್ಮ ನನ್ನ ಕೈಗೆ ಬೆಲ್ಲ ಕೊಟ್ಟಳು. ನಾನು ಅದನ್ನು ಮುಷ್ಟಿಯಲ್ಲೇ ಹಿಡಿದುಕೊಂಡೆ. ಅಪ್ಪ ಅಂಗಳದ ನಡುವೆ ಕೈ ಕಟ್ಟಿಕೊಂಡು ನಿಂತಿದ್ದ, ಮೇಷ್ಟರ ಮುಂದೆ ನಿಂತ ಹುಡುಗನ ಹಾಗೆ. ಆಗ ಒಂಬತ್ತು ಗಂಟೆಯ ಆರಾಧನೆ ನೆನಪಾಗಿ ನಾನು ಅಳತೊಡಗಿದೆ. ಅಕ್ಕ ಒಬ್ಬಳೇ ಹಿಂದಿನ ಬೆಂಚಿನಲ್ಲಿ ಕೂತಿರುತ್ತಾಳೆ ಅನ್ನಿಸಿ ತಡೆಯಲಾಗಲಿಲ್ಲ.

ನನ್ನ ಅಳು ಕೇಳಿ ದೊಡ್ಡಪ್ಪ ಹೊರಗೆ ಬಂದ. ಮಡಿಸಿಟ್ಟ ಪಂಚೆ ಉಟ್ಟು, ಹೆಗಲ ಮೇಲೆ ಹೊಸ ಟವಲು ಹಾಕಿಕೊಂಡಿದ್ದ. "ಬಟ್ಟೆ ಬದಲಾಯಿಸೋಕೂ ಬಿಡಲ್ವಲ್ಲೋ ನಿನ್ನ ಮಗಳು" ಎಂದು ಅಪ್ಪನ ಕೈಯಿಂದ ಸೈಕಲ್ ಕಿತ್ತುಕೊಂಡ. "ನೀನು ಹಿಂದೆ ಕೂತ್ಕೊ. ಚಿಕ್ಕಂದಿನಿಂದಲೂ ನಿಂಗೆ ಸೈಕಲ್ ನೆಟ್ಟಗೆ ಬರಲ್ಲ."

ಊರಿನ ಅಂಚಿನಲ್ಲಿ ದೊಡ್ಡಪ್ಪ ಸೈಕಲ್ ನಿಲ್ಲಿಸಿ ಹೊಲಕ್ಕೆ ಇಳಿದ. ಬೇವಿನ ಮರದ ಕೆಳಗೆ ಒಂದು ನೆಟ್ಟ ಕಲ್ಲಿತ್ತು. ತಾತನನ್ನು ಮಲಗಿಸಿದ ಜಾಗ. ಅಲ್ಲಿಂದ ಮಣ್ಣು ತೆಗೆದು ಟವಲಿನ ತುದಿಗೆ ಗಂಟು ಕಟ್ಟಿ ಅಪ್ಪನ ಕೈಗೆ ಕೊಟ್ಟ. "ಅಪ್ಪನ ಪಕ್ಕ ಅವ್ವ ಮಲಗ್ಲಿಲ್ಲ. ಅಪ್ಪನ ಮಣ್ಣಾದ್ರೂ ಹೋಗ್ಲಿ" ಎಂದ. ನಮ್ಮಪ್ಪ ಆ ಗಂಟನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡು ಕ್ಯಾರಿಯರ್ ಮೇಲೆ ಕೂತ. ಏರು ಬಂದ ಕಡೆ ಇಬ್ಬರೂ ಇಳಿದು ನನ್ನನ್ನು ಕೂರಿಸಿಕೊಂಡೇ ತಳ್ಳಿದರು. ಏದುಸಿರು ಬಿಡುತ್ತ, ಅಜ್ಜಿ ಮಾಡುತ್ತಿದ್ದ ಹುರುಳಿ ಸಾರಿನ ವಿಷಯ ಮಾತಾಡಿದರು. ಅಷ್ಟು ವರ್ಷ ಮಾತು ಬಿಟ್ಟವರು ಸಾರಿನ ಮಾತಿನಿಂದ ಶುರುಮಾಡಿದರಲ್ಲ ಎಂದು ನನಗೆ ಆಶ್ಚರ್ಯ.

ನಾವು ಬಂದಾಗ ಚರ್ಚಿನೊಳಗೆ ಹಾಡು ನಡೆಯುತ್ತಿತ್ತು. ಸಮಾಧಿ ಜಾಗದಲ್ಲಿ ಯಾರೂ ಇರಲಿಲ್ಲ. ಬತ್ತಿಗಳು ಕರಗಿ ಮೇಣ ಉಳಿದಿತ್ತು, ಬಿಸಿಲಿಗೆ ಮಲ್ಲಿಗೆ ಬಾಡಿತ್ತು. ಅಪ್ಪ ಮಂಡಿಯೂರಿ, ಅಜ್ಜಿಯ ಸಮಾಧಿಯ ತಲೆಯ ಕಡೆ ಹೂವು ಸರಿಸಿ, ಕೈಯಿಂದಲೇ ಮಣ್ಣು ಕೆದರಿ ಜಾಗ ಮಾಡಿದ. ದೊಡ್ಡಪ್ಪ ಟವಲಿನ ಗಂಟು ಬಿಚ್ಚಿ ಮೂರು ಹಿಡಿ ಮಣ್ಣು ಹಾಕಿದ. ಮೂರನೆಯ ಹಿಡಿಗೆ, "ಅವ್ವಾ" ಎಂದು ಅಳತೊಡಗಿದ. ಬಿಳಿಮೀಸೆಯ ಅಷ್ಟು ದೊಡ್ಡ ಮನುಷ್ಯ ಹಾಗೆ ಅಳುವುದನ್ನು ನಾನು ಕಂಡಿರಲಿಲ್ಲ. ಅಪ್ಪ ಆ ಮಣ್ಣನ್ನು ಅಜ್ಜಿಯ ಮಣ್ಣಿನ ಜೊತೆ ಬೆರೆಸಿ ತಟ್ಟಿ ತಟ್ಟಿ ಸಮ ಮಾಡಿದ.

ಚರ್ಚಿನೊಳಗೆ ಅಕ್ಕ ಹೇಳಿದಂತೆಯೇ ಕಟ್ಟಕಡೆಯ ಬೆಂಚಿನಲ್ಲಿ ಕೂತಿದ್ದಳು. ಪಕ್ಕದಲ್ಲಿ ಅಮ್ಮ. ಅಕ್ಕನ ಜೊತೆಯ ಮಕ್ಕಳೆಲ್ಲ ಭೋಜನ ತೆಗೆದುಕೊಂಡು ಜಾಗಕ್ಕೆ ಮರಳಿದ್ದರು. ಅಯ್ಯನವರು ತಟ್ಟೆ ಮುಚ್ಚಲು ಬಿಳಿ ಬಟ್ಟೆಯನ್ನು ಕೈಗೆತ್ತಿಕೊಂಡಿದ್ದರು. ಬಾಗಿಲಲ್ಲಿ ನಮ್ಮನ್ನು ಕಂಡು ಅವರ ಕೈ ನಿಂತಿತು. ಅಪ್ಪನನ್ನು ನೋಡಿದರು, ದೊಡ್ಡಪ್ಪನ ಹಣೆಯ ವಿಭೂತಿ ನೋಡಿದರು, ಬಟ್ಟೆಯನ್ನು ಮೇಜಿನ ಮೇಲೆ ಇಟ್ಟು ಕಾದರು.

ಅಪ್ಪ ಕೂರುತ್ತಿದ್ದ ಜಾಗದಲ್ಲೇ ದೊಡ್ಡಪ್ಪ ಕೂತು ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡ. "ನೀನು ಹೋಗೋ. ನಾನು ಇಲ್ಲಿರ್ತೀನಿ" ಎಂದು ಅಪ್ಪನ ಬೆನ್ನು ತಟ್ಟಿದ. ಅಪ್ಪ, ಅಮ್ಮ, ನಡುವೆ ಅಕ್ಕ, ಮೂವರೂ ನಡೆದು ಹೋಗಿ ಮೇಜಿನ ಮುಂದೆ ಮೊಣಕಾಲೂರಿದರು. ಅಪ್ಪ ಕೈ ಚಾಚಿದಾಗ ಬೆರಳುಗಳ ಸಂದಿನಲ್ಲಿ, ಉಗುರಿನಲ್ಲಿ ಎಲ್ಲ ಕೆಮ್ಮಣ್ಣು. ನಾಚಿಕೆಯಾಗಿ ಕೈ ಹಿಂದಕ್ಕೆ ಎಳೆದುಕೊಳ್ಳಲು ಹೋದ. ಅಯ್ಯನವರು ಆ ಕೈಯನ್ನು ಹಿಡಿದುಕೊಂಡು, ಮಣ್ಣಿನ ಮೇಲೆಯೇ ರೊಟ್ಟಿಯ ಚೂರು ಇಟ್ಟರು. ಅಕ್ಕನ ಭುಜ ಅಲುಗುತ್ತಿದ್ದದ್ದು ನನಗೆ ಹಿಂದಿನಿಂದ ಕಾಣಿಸುತ್ತಿತ್ತು. ನನಗೂ ಅಳು ಬಂತು, ಆದರೆ ಅದು ಸಂತೋಷದ್ದು.

ಆವತ್ತು ಮಧ್ಯಾಹ್ನ ದೊಡ್ಡಪ್ಪ ನಮ್ಮ ಮನೆಯಲ್ಲಿ ಮುದ್ದೆ, ಬಾಡಿನ ಸಾರು ಎರಡು ಸಲ ಹಾಕಿಸಿಕೊಂಡು ಉಂಡ. ಅವ್ವನ ಕೈರುಚಿ ಬಂದಿಲ್ಲ ಎಂದು ಅಮ್ಮನನ್ನು ರೇಗಿಸಿದ. ಅವನು ಕೊನೆಯವರೆಗೂ ತನ್ನ ಪದ್ಧತಿಯಲ್ಲೇ ಇದ್ದ, ಅಪ್ಪ ತನ್ನ ನಂಬಿಕೆಯಲ್ಲಿ. ಈಸ್ಟರ್ ಬೆಳಿಗ್ಗೆ ಮಾತ್ರ ಇಬ್ಬರೂ ಅಜ್ಜಿಯ ಹತ್ತಿರ ಸೇರುತ್ತಿದ್ದರು. ಆ ಸಂಜೆ ಅಪ್ಪ ಬಾವಿಕಟ್ಟೆಯ ಮೇಲೆ ಕೂತು ಅಕ್ಕನಿಗೆ ಹೇಳಿದ ಮಾತು ನನಗೆ ನೆನಪಿದೆ. "ದೀಕ್ಷಾಸ್ನಾನದ ದಿನ ನೀರು ನನ್ನ ತಲೆ ಮೇಲೆ ಬಿತ್ತು ಕಣಮ್ಮ. ಒಳಗೆ ಇಳಿದದ್ದು ಇವತ್ತು." ತನಗೆ ರಕ್ಷಣೆ ಸಿಕ್ಕಿದ್ದು ಯಾವಾಗ ಎಂದು ಯಾರು ಕೇಳಿದರೂ ಅಪ್ಪ ಆ ಈಸ್ಟರನ್ನೇ ಹೇಳುತ್ತಿದ್ದ.

ಈಗ ಆ ಬಾವಿಯ ಜಾಗದಲ್ಲಿ ಯಾರದೋ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಇದೆ. ಚಿಕ್ಕಲಸಂದ್ರದ ಹೊಲದಲ್ಲಿ ಮನೆಗಳೆದ್ದು, ನಮ್ಮ ತಾತ ಯಾವ ಅಡುಗೆಮನೆಯ ಕೆಳಗೆ ಮಲಗಿದ್ದಾನೋ ಗೊತ್ತಿಲ್ಲ. ಅಜ್ಜಿಯ ಸಮಾಧಿಗೆ ನಿಮ್ಮ ತಾತ ಗ್ರಾನೈಟ್ ಹಾಕಿಸಿದರು, ಸುತ್ತ ಸಿಮೆಂಟು. ಹಿಡಿ ಮಣ್ಣು ಬೇಕೆಂದರೂ ಅಲ್ಲಿ ಸಿಗುವುದಿಲ್ಲ. ಅದಕ್ಕೇ ಈಸ್ಟರಿಗೆ ಹೋಗುವಾಗ ನಾನು ನಮ್ಮ ಬಾಲ್ಕನಿಯ ಕನಕಾಂಬರದ ಕುಂಡದಿಂದ ಸ್ಟೀಲ್ ಡಬ್ಬಿಯಲ್ಲಿ ಮಣ್ಣು ತುಂಬಿಕೊಳ್ಳುವುದು. ನೀವು 'ಅಜ್ಜಿ ಟಿಫಿನ್ ತಂದಿದಾರೆ' ಎಂದು ನಗುತ್ತೀರಿ. ನಗಿ, ನನಗೇನೂ ಬೇಜಾರಿಲ್ಲ.

ನಿಮ್ಮ ಕಾಲದಲ್ಲಿ ಎಚ್ಚರಿಕೆ ಹೇಳಲು ಅಯ್ಯನವರೇ ಬೇಕಾಗಿಲ್ಲ, ಕಾರೂ ಹೇಳುತ್ತದೆ. ಬೆಲ್ಟ್ ಹಾಕದಿದ್ದರೆ ಕುಂಯ್ ಕುಂಯ್ ಎಂದು ಕೂಗುತ್ತದೆ. ಪುಟ್ಟಿ, ನೀನು ಬೆಲ್ಟನ್ನು ಬೆನ್ನ ಹಿಂದೆ ಸಿಕ್ಕಿಸಿ, ಮೇಲೆ ಒರಗಿ, ಕೂಗು ನಿಲ್ಲಿಸಿ ಗೆದ್ದೆ ಅಂದುಕೊಳ್ಳುತ್ತೀಯ. ನಮ್ಮಪ್ಪ ಅಷ್ಟು ವರ್ಷ ಹಿಂದಿನ ಬೆಂಚಿನಲ್ಲಿ ಮಾಡಿದ್ದೂ ಅದನ್ನೇ. ಈಗ ಯಾವುದೋ ಆಟದ ವಿಷಯಕ್ಕೆ ನೀನೂ ನಿನ್ನ ಅಣ್ಣನೂ ಫೋನಿನಲ್ಲಿ ಒಬ್ಬರನ್ನೊಬ್ಬರು ಬ್ಲಾಕ್ ಮಾಡಿಕೊಂಡು, ಒಂದೇ ಸೋಫಾದ ಆ ತುದಿ ಈ ತುದಿಯಲ್ಲಿ ಕೂತಿರುವುದು ನನಗೆ ಗೊತ್ತಾಗಿಲ್ಲ ಅಂದುಕೊಂಡಿದ್ದೀರಾ?

ಭಾನುವಾರ ಈಸ್ಟರ್. ಈ ಸಲ ಮಣ್ಣು ಹಾಕುವವರು ನೀವಿಬ್ಬರೇ. ಆ ಡಬ್ಬಿಯ ಮುಚ್ಚಳ ಬಹಳ ಬಿಗಿ. ಒಬ್ಬರು ಗಟ್ಟಿಯಾಗಿ ಹಿಡಿದುಕೊಂಡರೆ ಮಾತ್ರ ಇನ್ನೊಬ್ಬರಿಗೆ ತಿರುಗಿಸಲು ಆಗುತ್ತದೆ. ನನ್ನನ್ನು ಕರೆಯಬೇಡಿ, ನಾನು ಕಾರಿನಿಂದ ಇಳಿಯುವುದಿಲ್ಲ. ನನಗೆ ಆವತ್ತು ಮಂಡಿನೋವು.